ವೆಂಕಟರಾಮಪ್ಪನವರ ಫ್ಲಾಟು

ಲೋಹಕ್ಕೆ ಲೋಹ ತಗುಲಿದ ಸಣ್ಣ ಸದ್ದು. ಠಣ್ ಎಂದು ಒಂದೇ ಸಲ. ಆಮೇಲೆ ಹಿತ್ತಿಲ ಗೇಟಿನ ಚಿಲಕವನ್ನು ಯಾರೋ ಉಸಿರು ಬಿಗಿಹಿಡಿದು ಸರಿಸಿದ ಹಾಗೆ. ಗಡಿಯಾರದಲ್ಲಿ ಮೂರೂವರೆ.

ಈ ಮನೆಗೆ ಬಾಡಿಗೆಗೆ ಬಂದ ಎರಡು ತಿಂಗಳಲ್ಲಿ ಆ ಸದ್ದನ್ನು ಎಷ್ಟೋ ಸಲ ಕೇಳಿದ್ದೆ. ಮೊದಲ ಸಲ ಕಳ್ಳನೆಂದು ಹೆದರಿ ನಮ್ಮ ಮನೆಯವರನ್ನು ಎಬ್ಬಿಸಿದೆ. ಅವರು "ಬೆಕ್ಕು ಕಣೇ, ಮಲ್ಕೋ" ಎಂದು ಮಗ್ಗುಲು ಬದಲಿಸಿದರು. ಬೆಕ್ಕು ಚಿಲಕ ತೆಗೆಯುವುದಿಲ್ಲ ಎಂದು ವಾದಿಸಲು ನಾನು ಹೋಗಲಿಲ್ಲ. ಆದರೆ ಈ ಸಲ ಎದ್ದು ಕುಳಿತೆ. ಮನೆ ಖಾಲಿ ಮಾಡಲು ನಮಗೆ ನಾಲ್ಕು ದಿನ ಉಳಿದಿತ್ತು. ನಿದ್ದೆ ಹೇಗೂ ಇರಲಿಲ್ಲ.

ಅದು ಎಪ್ಪತ್ಮೂರನೆಯ ಇಸವಿ. ನೆಲಮಂಗಲದ ಹೊಸ ಬಡಾವಣೆಯಲ್ಲಿ ಮಹಡಿ ಇದ್ದದ್ದು ಅದೊಂದೇ ಮನೆಗೆ. ಮಾಲೀಕರಾದ ವೆಂಕಟರಾಮಪ್ಪನವರಿಗೆ ಎರಡು ಲಾರಿ. ಜಯನಗರದ ರಸ್ತೆಗಳಲ್ಲಿ ನಿಂತು ಪರರ ಮನೆಗಳನ್ನು ಹೊರಗಿನಿಂದ ನೋಡಿಕೊಂಡು ಬಂದು ಇದನ್ನು ಕಟ್ಟಿಸಿದ್ದರು. ಕೆಳಗೆ ಅವರ ಸಂಸಾರ, ಮೇಲೆ ಬಾಡಿಗೆಗೆ.

"ಮನೆ ಅನ್ಬೇಡಿ ಟೀಚರಮ್ಮ, ಫ್ಲಾಟು ಅನ್ನಿ" ಎಂದು ಮೊದಲ ದಿನವೇ ನನ್ನನ್ನು ತಿದ್ದಿದರು. ನಾನು ಇಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಸುಮ್ಮನೆ ತಲೆಯಾಡಿಸಿದೆ. ಮೊಸಾಯಿಕ್ ನೆಲ ತೋರಿಸಿದರು, ನಲ್ಲಿ ತಿರುಗಿಸಿ ತೋರಿಸಿದರು. ಕೊನೆಗೆ ಅಡುಗೆಮನೆಯ ಪಕ್ಕದ ಸಣ್ಣ ಬಾಗಿಲನ್ನು, ಅರ್ಚಕರು ಗರ್ಭಗುಡಿಯ ಪರದೆ ಸರಿಸುವ ಹಾಗೆ ನಿಧಾನವಾಗಿ ತೆರೆದರು. ಒಳಗೆ ಬಿಳಿ ಪಿಂಗಾಣಿಯ ಕಕ್ಕಸು. ಮೇಲೆ ನೀರಿನ ತೊಟ್ಟಿ, ಅದರಿಂದ ಇಳಿಬಿದ್ದ ಸರಪಳಿ. ತಾವೇ ಸರಪಳಿ ಎಳೆದು, ನೀರು ಸುರಿದು ನಿಲ್ಲುವ ತನಕ ನಮ್ಮ ಮುಖ ನೋಡುತ್ತ ನಿಂತರು.

"ಮುಂಚೇನೇ ಕೇಳ್ಬಿಡ್ತೀನಿ. ಬಯಲ ಕಡೆ ಹೋಗೋ ಪೈಕಿ ಅಲ್ಲ ತಾನೆ? ಚೊಂಬು ಹಿಡ್ಕೊಂಡು ಓಡಾಡೋ ಜನಕ್ಕೆ ನಾನು ಫ್ಲಾಟು ಕೊಡಲ್ಲ. ನಾವು ಆ ಅಭ್ಯಾಸ ಬಿಟ್ಟು ವರ್ಷ ಆಯ್ತು."

"ಛೆ ಛೆ, ಎಲ್ಲಾದ್ರೂ ಉಂಟಾ ಸಾರ್" ಎಂದರು ನಮ್ಮ ಮನೆಯವರು. ಅದೇ ದಿನ ಬೆಳಗ್ಗೆ ಅವರು ತೋಪಿನ ಕಡೆಗೆ ಹೋಗಿ ಬಂದ ಚೊಂಬು ಹಳೆಯ ಮನೆಯ ಬಚ್ಚಲಲ್ಲಿ ಇನ್ನೂ ಒದ್ದೆಯಾಗಿಯೇ ಇತ್ತು.

ನನಗೆ ಮೊಸಾಯಿಕ್ ಬೇಕಿರಲಿಲ್ಲ. ಆ ಸಣ್ಣ ಬಾಗಿಲು ಬೇಕಿತ್ತು. ಪೇಟೆ ಬೀದಿಯ ಹಳೆಯ ಮನೆಯಲ್ಲಿದ್ದಾಗ ನಾವು ಹೆಂಗಸರು ಕತ್ತಲಾಗುವುದನ್ನು ಕಾದು ತುಮಕೂರು ರಸ್ತೆಯ ಬದಿಗೆ ಹೋಗುತ್ತಿದ್ದೆವು. ಲಾರಿಯ ದೀಪ ಬಿದ್ದಾಗ ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುವುದು, ಅದು ದಾಟಿದ ಮೇಲೆ ಕೂರುವುದು. ಒಂದೊಂದು ಲಾರಿ ಬೇಕೆಂದೇ ನಿಧಾನ ಮಾಡುತ್ತಿತ್ತು. ಹಗಲಲ್ಲಿ ಶಾಲೆಯಲ್ಲಿ ನೀರು ಕುಡಿಯದೆ ಇರುವುದನ್ನು ಕಲಿತೆ. ಬಿ.ಎ. ಓದಿದ ನನಗೆ ಬದುಕಿನಲ್ಲಿ ಏನು ಬೇಕೆಂದು ಯಾರಾದರೂ ಕೇಳಿದ್ದರೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು ಎಂದು ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

ನಾವು ಬಂದು ಎರಡು ತಿಂಗಳಾದ ಮೇಲೆ ತ್ಯಾಮಗೊಂಡ್ಲಿನಿಂದ ನಮ್ಮತ್ತೆ ಪಿಳ್ಳಮ್ಮ ಬಂದರು. ಕಕ್ಕಸನ್ನು ಬಾಗಿಲಲ್ಲೇ ನಿಂತು ನೋಡಿ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಒಲೆ ಇಲ್ಲಿ, ದೇವ್ರು ಅಲ್ಲಿ, ಮಧ್ಯದಾಗೆ ಇದು. ಒಂದೇ ಸೂರಿನ ಕೆಳಗೆ ಅಂದ್ರೆ ನನ್ ಕೈಲಾಗಲ್ಲ ಕಣಮ್ಮ."

"ಬಾಗಿಲು ಮುಚ್ಚಿದ್ರೆ ಆಯ್ತಲ್ಲ ಅತ್ತೆ."

"ಬಾಗ್ಲು ಮುಚ್ಚಿದ್ರೆ ದೇವ್ರಿಗೆ ಗೊತ್ತಾಗಲ್ವಾ?"

ಮರುದಿನ ಬೆಳಗ್ಗೆ ಆರು ಗಂಟೆಗೆ ಅವರು ಚೊಂಬು ಹಿಡಿದು ನೇರವಾಗಿ ಮುಂದಿನ ಮೆಟ್ಟಿಲು ಇಳಿದರು. ಕೆಳಗಿನ ಜಗಲಿಯಲ್ಲಿ ವೆಂಕಟರಾಮಪ್ಪನವರು ಬೆಂಗಳೂರಿನಿಂದ ಬಂದಿದ್ದ ಹೊಸ ಬೀಗರಿಗೆ ಕಾಫಿ ಕೊಡಿಸುತ್ತಿದ್ದರು. ನಮ್ಮತ್ತೆ ನಿಂತರು. ಊರಿಗೆ ಹೊಸಬರು ದಾರಿ ಕೇಳುವಷ್ಟೇ ಸಹಜವಾಗಿ ಕೇಳಿದರು.

"ಸ್ವಾಮಿ, ಈ ಕಡೆ ಮರೆ ಎಲ್ಲೈತೆ?"

ಬೀಗರು ಲೋಟ ಕೆಳಗಿಟ್ಟರಂತೆ. ಅರ್ಧ ಗಂಟೆಯಲ್ಲಿ ವೆಂಕಟರಾಮಪ್ಪನವರು ಮೇಲೆ ಬಂದರು. "ಭಾನುವಾರದೊಳಗೆ ಖಾಲಿ ಮಾಡಿ ಟೀಚರಮ್ಮ. ಓದಿರೋರು ಅಂತ ಕೊಟ್ಟೆ. ಎಷ್ಟು ಓದಿದ್ರೂ ಹಳ್ಳಿ ಬುದ್ಧಿ ಹೋಗಲ್ಲ" ಎಂದು, ಅತ್ತೆಗೂ ಕೇಳುವಂತೆ ಹೇಳಿ ಇಳಿದರು.

ಸಂಜೆ ನಮ್ಮ ಮನೆಯವರು ಒಂದು ಚಿಪ್ಪು ಬಾಳೆಹಣ್ಣು ತಂದು ಕೆಳಗೆ ಹೋದರು. ಕೈಮುಗಿದು, ತಮ್ಮ ತಾಯಿಗೆ ತಿಳಿವಳಿಕೆ ಸಾಲದು ಎಂದು ಎರಡು ಸಲ ಹೇಳಿದರು. ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ. ವೆಂಕಟರಾಮಪ್ಪನವರು ಬಾಳೆಹಣ್ಣು ಇಸಿದುಕೊಂಡು, ಭಾನುವಾರ ಎಂದು ಇನ್ನೊಮ್ಮೆ ಹೇಳಿ ಕಳುಹಿಸಿದರು.

ಅದೇ ರಾತ್ರಿಯೇ ಆ ಸದ್ದು. ಟಾರ್ಚು ಹಿಡಿದು, ದೀಪ ಹಾಕದೆ, ಹಿಂದಿನ ಮೆಟ್ಟಿಲು ಇಳಿದು ನೀರಿನ ತೊಟ್ಟಿಯ ಮಗ್ಗುಲಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಗೇಟು ತೆರೆಯಿತು. ತಲೆಗೆ ಟವೆಲ್ಲು ಸುತ್ತಿ, ಪಂಚೆ ಮೇಲಕ್ಕೆ ಕಟ್ಟಿದ ಒಬ್ಬರು ತುದಿಗಾಲಲ್ಲಿ ಒಳಗೆ ಬಂದರು. ಟಾರ್ಚು ಒತ್ತಿದೆ. ಹಗಲೆಲ್ಲ ಟೆರಿಲಿನ್ ಅಂಗಿಯಲ್ಲಿ ಮೆರೆಯುವ ವೆಂಕಟರಾಮಪ್ಪನವರು. ಕೈಯಲ್ಲಿ ಹಿತ್ತಾಳೆಯ ಚೊಂಬು.

"ಯಾರದು?"

"ಮೇಲಿನ ಫ್ಲಾಟಿನವಳು ಸಾರ್."

"ಗಿಡಕ್ಕೆ ನೀರು ಹಾಕ್ಬಿಟ್ಟು ಬಂದೆ ಕಣಮ್ಮ."

"ಗೇಟಿನ ಆಚೆ ಗಿಡ ಇಲ್ವಲ್ಲ ಸಾರ್."

ಅವರು ಚೊಂಬನ್ನು ಬೆನ್ನ ಹಿಂದಕ್ಕೆ ಸರಿಸಿದರು, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗರು ಚೀಟಿ ಸರಿಸುವ ಹಾಗೆ. ನಾನು ಟಾರ್ಚು ಆರಿಸಲಿಲ್ಲ. ಅವರು ಸಣ್ಣ ದನಿಯಲ್ಲಿ ಹೇಳಿದರು:

"ಒಳಗೆ ಕೂತ್ರೆ ಆಗಲ್ಲಮ್ಮ. ಆ ಸರಪಳಿ ಕಂಡ್ರೇನೇ ನಿಂತೋಗತ್ತೆ. ಮನೆ ಕಟ್ಟಿದಾಗಿಂದ ಹಿಂಗೇಯ. ನನ್ ಹೆಂಡ್ತಿ ಸಪ್ಪಲಮ್ಮಂಗೂ ಗೊತ್ತಿಲ್ಲ."

ಬೇರೆ ಯಾರೇ ಆಗಿದ್ದರೂ ಮರುಕ ಬರುತ್ತಿತ್ತೇನೋ. ನನಗೆ ಮೊದಲ ದಿನದ ಅವರ ಪ್ರಶ್ನೆಯೇ ಕಿವಿಯಲ್ಲಿತ್ತು. ಇವರ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ನಮ್ಮತ್ತೆ ಎಷ್ಟೋ ಎತ್ತರದ ಮನುಷ್ಯೆ. ತಾವು ಹೋಗುವ ಕಡೆಗೆ ಹಗಲಲ್ಲಿ ಹೋಗುತ್ತಾರೆ, ದಾರಿ ಬೇಕಾದರೆ ಕೇಳುತ್ತಾರೆ.

"ಅತ್ತೆಗೆ ಈ ಗೇಟಿರೋದು ಗೊತ್ತಿರ್ಲಿಲ್ಲ" ಎಂದೆ. "ಇನ್ಮೇಲೆ ಇದ್ರಲ್ಲೇ ಹೋಗಿ ಬರ್ಲಿ ಅಂತಿದ್ದೆ. ಭಾನುವಾರದ ತನಕ."

ಒಳಗೆ ಬೀಗರಲ್ಲೊಬ್ಬರು ಕೆಮ್ಮಿದರು. ವೆಂಕಟರಾಮಪ್ಪನವರ ಕಣ್ಣು ಆ ಕಿಟಕಿಯ ಕಡೆಗೆ ಹೋಗಿ ಬಂತು.

"ಭಾನುವಾರ ಯಾಕೆ, ಇರಿ. ಎಷ್ಟು ದಿನ ಬೇಕಾದ್ರೂ ಇರಿ. ಟಾರ್ಚು ಆರಿಸಿ ತಾಯಿ."

ಬೆಳಗ್ಗೆ ಅವರು ನಮ್ಮ ಮನೆಯವರನ್ನು ಕೆಳಗೆ ಕರೆಸಿಕೊಂಡು, ವಯಸ್ಸಾದವರು, ಹೋಗಲಿ ಬಿಡಿ ಎಂದು ದೊಡ್ಡ ಮನಸ್ಸು ಮಾಡಿದರು. ನಮ್ಮ ಮನೆಯವರು ಮೆಟ್ಟಿಲು ಹತ್ತಿ ಬಂದದ್ದು ಗೆದ್ದವರ ಹಾಗೆ.

"ನೋಡಿದ್ಯಾ? ನೀನು ಮುಖ ಗಂಟಿಕ್ಕೊಂಡು ಕೂತಿದ್ದೆ. ವಿನಯವಾಗಿ ಒಂದ್ ಮಾತಾಡಿ ನಾಲ್ಕು ಬಾಳೆಹಣ್ಣು ಕೊಟ್ರೆ ಎಂಥೋರೂ ಕರಗ್ತಾರೆ. ಕಲಿತ್ಕೋ."

ಕಾಫಿ ಲೋಟ ಅವರ ಕೈಗಿಟ್ಟೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಇವರಿಗೆ ಹೇಳಿದರೆ, ಇವರು ದಿನಾ ಕೆಲಸಕ್ಕೆ ಹೋಗುವ ಎಂಟು ಗಂಟೆಯ ಬೆಂಗಳೂರು ಬಸ್ಸು ಯಶವಂತಪುರ ಮುಟ್ಟುವುದರೊಳಗೆ ಬಸ್ಸಿನಲ್ಲಿದ್ದವರೆಲ್ಲ ನಕ್ಕಿರುತ್ತಾರೆ. ಊರಿಗೇ ಗೊತ್ತಾದ ಮೇಲೆ ವೆಂಕಟರಾಮಪ್ಪನವರಿಗೆ ಹೆದರಲು ಏನೂ ಉಳಿಯುವುದಿಲ್ಲ, ನಾನು ಮತ್ತೆ ಲಾರಿಯ ದೀಪಕ್ಕೆ ಎದ್ದು ನಿಲ್ಲಬೇಕಾಗುತ್ತದೆ.

"ಕಲಿತೆ" ಎಂದೆ.

ಅವರು ಕೂದಲು ಬಾಚಿಕೊಂಡು ಬಸ್ಸಿಗೆ ಹೋದರು. ಅತ್ತೆ ಹಿತ್ತಿಲ ಗೇಟಿನಿಂದ ಬಂದು ಕಾಲು ತೊಳೆಯುತ್ತ, ಮಾಲೀಕರ ಮನಸ್ಸು ಅದು ಹೇಗೆ ಬದಲಾಯಿತೆಂದು ನನ್ನನ್ನು ಕೇಳಿದರು. ಬಾಳೆಹಣ್ಣಿನಿಂದ ಎಂದು ಹೇಳಿ, ಸಣ್ಣ ಬಾಗಿಲು ತೆರೆದು ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಆ ರಾತ್ರಿಯ ವಿಷಯ ಅತ್ತೆಗೂ ಬೇಡ, ಯಾರಿಗೂ ಬೇಡ ಎಂದು ಅಲ್ಲಿ ನಿಂತೇ ತೀರ್ಮಾನಿಸಿ, ಸರಪಳಿ ಎಳೆದೆ.