ಸೆಪ್ಟೆಂಬರೋ ನವೆಂಬರೋ

ನನಗೆ ಮೂಗಿನ ತುದಿಯಲ್ಲೇ ಕೋಪ. ಮನೆಯವರಿಗೆಲ್ಲ ಅದು ಗೊತ್ತಿದ್ದದ್ದರಿಂದ ಆ ಜೂನ್ ತಿಂಗಳಲ್ಲಿ ನನ್ನ ಹೆದರಿಕೆಯನ್ನೂ ಅಣ್ಣ ಕೋಪವೆಂದೇ ತಿಳಿಯುತ್ತಾನೆ ಅಂದುಕೊಂಡಿದ್ದೆ.

ಅಣ್ಣ ಡ್ರಿಲ್ ಮೇಷ್ಟ್ರು. ಹನ್ನೊಂದು ಮ್ಯಾರಥಾನ್ ಓಡಿದ್ದವನು, ಈಗ ಶ್ವಾಸಕೋಶ ದಿನೇ ದಿನೇ ಗಟ್ಟಿಯಾಗುತ್ತಾ, ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿಕೊಂಡು, ಎರಡನೇ ಮಹಡಿಯ ಕಿಟಕಿ ಪಕ್ಕ ಮಂಚ ಹಿಡಿದಿದ್ದ. ಮೇಷ್ಟ್ರಿಗೆ ಉಳಿದಿದ್ದ ಒಬ್ಬಳೇ ಶಿಷ್ಯೆ ನಾನು. ನಲವತ್ತೊಂದು ವರ್ಷದ ತಂಗಿ, ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನಕ್ಕೆ ಎಂಟು ಗಂಟೆ ನಿಂತು ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಅವನ ಮಾತು ಕೇಳಿ ಒಂದೂವರೆ ವರ್ಷದಿಂದ ಬೆಳಗ್ಗೆ ಎದ್ದು ಓಡುತ್ತಿದ್ದೆ.

"ನೀನು ಒಂದು ಪೂರ್ತಿ ಮ್ಯಾರಥಾನ್ ಓಡೋದನ್ನ ನೋಡ್ಬೇಕು ಕಣೇ. ಆಮೇಲೆ ಏನಾದ್ರೂ ಆಗ್ಲಿ," ಅನ್ನುತ್ತಿದ್ದ.

ನನ್ನ ಕೈಗೆಟುಕುವಂಥವು ಎರಡು ಓಟಗಳಿದ್ದವು. ಸೆಪ್ಟೆಂಬರಿನದು ರೈಲಿನಲ್ಲಿ ಐದು ಗಂಟೆ ದೂರದ ಊರಿನಲ್ಲಿ, ದಾರಿಯೆಲ್ಲ ಏರು. ನವೆಂಬರಿನದು ನಮ್ಮೂರಿನದೇ, ಸಪಾಟು ರಸ್ತೆ. ಅದರ ಮೂವತ್ತನೇ ಕಿಲೋಮೀಟರು ಸರಿಯಾಗಿ ಅಣ್ಣನ ಕಿಟಕಿಯ ಕೆಳಗೇ ಬೀಳುತ್ತಿತ್ತು.

"ಇದ್ರಲ್ಲಿ ಯೋಚ್ನೆ ಮಾಡೋದೇನಿದೆ? ನವೆಂಬರ್. ಇಪ್ಪತ್ತು ವಾರ ಸಿಗುತ್ತೆ, ನಿಧಾನಕ್ಕೆ ಹದಕ್ಕೆ ಬರ್ತೀಯ," ಎಂದ.

"ಸೆಪ್ಟೆಂಬರ್," ಎಂದೆ.

"ಹದಿಮೂರೇ ವಾರಕ್ಕಾ? ಓಡೋಕೆ ಹೊರಟಿದ್ದೀಯೋ, ಕಾಲು ಮುರ್ಕೊಳ್ಳೋಕೋ?"

"ನವೆಂಬರಲ್ಲಿ ರಜ ಕೊಡಲ್ಲ."

"ಓಟ ಇರೋದು ಭಾನುವಾರ. ನಿಂಗೆ ಭಾನುವಾರ ಯಾವತ್ತೇ ಕೆಲ್ಸ ಇತ್ತು?"

ಸಿಕ್ಕಿಬಿದ್ದೆ. ಸಿಕ್ಕಿಬಿದ್ದರೆ ನಾನು ರೇಗುವುದೇ. "ಓಡೋ ಕಾಲು ನಂದು! ಮಂಚದ ಮೇಲೆ ಕೂತ್ಕೊಂಡು ತಲೆ ತಿನ್ಬೇಡ!" ಎಂದುಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು. ಹಿಂದಿನ ವಾರ ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಹೇಳಿದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಸೆಪ್ಟೆಂಬರ್ ದಾಟಿದರೆ ಅದೇ ದೊಡ್ಡದು ಎಂದಿದ್ದರು.

ಅಣ್ಣ ನನ್ನ ಮುಖ ನೋಡಿದ, ಅತ್ತಿಗೆ ಹೋದ ಕಡೆ ನೋಡಿದ.

"ಓಹೋ," ಎಂದ. ಒಂದಷ್ಟು ಹೊತ್ತು ಉಸಿರು ಎಳೆದುಕೊಂಡ. "ಸರಿ ಬಿಡು. ಸೆಪ್ಟೆಂಬರೇ ಆಗ್ಲಿ. ಪೆನ್ನು ಕೊಡು."

ಹದಿಮೂರು ವಾರಕ್ಕೆ ಚಾರ್ಟು ಬರೆದುಕೊಟ್ಟ. ಒಂಬತ್ತನೇ ವಾರ ಬಲಗಾಲಿನ ಮೊಣಕಾಲ ಕೆಳಗೆ ಮೂಳೆ ನೋಯಲು ಶುರುವಾಯಿತು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದ್ದರೆ ಮೇಷ್ಟ್ರು ಓಟ ನಿಲ್ಲಿಸುತ್ತಿದ್ದ, ನವೆಂಬರಿಗೆ ಮುಂದೂಡುತ್ತಿದ್ದ. ಮಾತ್ರೆ ನುಂಗಿ, ಹಲ್ಲು ಕಚ್ಚಿಕೊಂಡು ಓಡಿದೆ. ಆ ದೂರದ ಊರಿನ ಏರಿನಲ್ಲಿ, ಇಪ್ಪತ್ತಾರನೇ ಕಿಲೋಮೀಟರಿನಲ್ಲಿ ಮೂಳೆ ಬಿರುಕು ಬಿಟ್ಟಿತು. ನನ್ನನ್ನು ವ್ಯಾನಿನಲ್ಲಿ ಹಾಕಿಕೊಂಡು ಹೋದರು.

ಫೋನಿನಲ್ಲಿ ಅಣ್ಣ, "ಇಪ್ಪತ್ತಾರು ಅಂದ್ರೆ ಕಮ್ಮಿ ಏನಲ್ಲ ಕಣೇ," ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸೆಪ್ಟೆಂಬರ್ ಮುಗಿಯಿತು. ಅಣ್ಣ ಇದ್ದ. ಅಕ್ಟೋಬರ್ ಮುಗಿಯಿತು. ಇನ್ನೂ ಇದ್ದ. ಡಾಕ್ಟರೇ ಬೆರಗಾದರು. ಅತ್ತಿಗೆ ಒಂದೊಂದು ಬೆಳಗ್ಗೆಯೂ ಕೈ ಮುಗಿಯುತ್ತಿದ್ದರು. ನಾನೂ ಖುಷಿಪಡಬೇಕಿತ್ತಲ್ಲ? ಕ್ಯಾಲೆಂಡರನ್ನು ಗೋಡೆ ಕಡೆಗೆ ತಿರುಗಿಸಿ ಹಾಕಿದ್ದೆ. ಅವನು ಉಳಿದಿದ್ದಕ್ಕೆ ಸಂಕಟಪಟ್ಟ ಪಾಪಿ ನಾನು.

ನವೆಂಬರಿನ ಆ ಭಾನುವಾರ ಬೆನ್ನಿಗೆ ಮೂರು ದಿಂಬು ಕೊಟ್ಟು ಅವನನ್ನು ಕಿಟಕಿಗೆ ಒರಗಿಸಿದೆವು. ಕಟ್ಟು ಹಾಕಿದ್ದ ಕಾಲು ಚಾಚಿಕೊಂಡು ನಾನು ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತೆ. ಕೆಳಗೆ ಓಟಗಾರರು ಒಬ್ಬೊಬ್ಬರಾಗಿ ಬರತೊಡಗಿದರು.

"ಆ ನೀಲಿ ಅಂಗಿಯವನ್ನ ನೋಡು. ಓಡ್ತಿದ್ದಾನೋ, ನೊಣ ಓಡಿಸ್ತಿದ್ದಾನೋ!" ಎಂದು ನಕ್ಕ. ನಕ್ಕಿದ್ದಕ್ಕೆ ಕೆಮ್ಮು ಬಂತು. ನೀರು ಕುಡಿಸಿದೆ.

ಆಮೇಲೆ ಗೋಡೆ ಗಡಿಯಾರ ನೋಡಿದ. "ನೀನು ಕಿಲೋಮೀಟರಿಗೆ ಏಳು ನಿಮಿಷ. ಆರು ಗಂಟೆಗೆ ಹೊರಟಿದ್ರೆ ಒಂಬತ್ತೂವರೆಗೆ ಇಲ್ಲಿರ್ತಿದ್ದೆ."

ಒಂಬತ್ತು ಇಪ್ಪತ್ತೇಳಾಗಿತ್ತು.

"ಅಣ್ಣಾ, ತಪ್ಪು ನಂದೇ ಕಣೋ. ನೀನು ಅಷ್ಟು ದಿನ ಇರಲ್ಲ ಅಂದ್ಕೊಂಡ್ಬಿಟ್ಟೆ. ಬೈದ್ಬಿಡೋ ನನ್ನ," ಎಂದು ಅತ್ತೆ.

"ನಾನೂ ಹಾಗೇ ಅಂದ್ಕೊಂಡಿದ್ದೆ. ಸುಮ್ನಿರು ಈಗ," ಎಂದ.

ಕಿಟಕಿಯ ಸರಳು ಹಿಡಿದು ಮುಂದಕ್ಕೆ ಬಾಗಿದ. ರಸ್ತೆಯ ತಿರುವಿನ ಮೇಲೇ ಕಣ್ಣು ನೆಟ್ಟ. ನಳಿಗೆ ಮೂಗಿನಿಂದ ಜಾರಿತ್ತು, ಸಿಕ್ಕಿಸಲು ಹೋದರೆ ನನ್ನ ಕೈ ಸರಿಸಿದ. ಒಂಬತ್ತೂವರೆಯಾಯಿತು. ತಿರುವಿನಲ್ಲಿ ಯಾವ ಹೆಂಗಸು ಕಂಡರೂ ಕತ್ತು ಚಾಚಿ ನೋಡುತ್ತಿದ್ದ. ಒಂಬತ್ತು ನಲವತ್ತಾಯಿತು.

"ಮೊದಲನೇ ಸಲ ಅಲ್ವಾ, ಸ್ವಲ್ಪ ಸುಸ್ತಾಗಿರುತ್ತೆ," ಎಂದ ಅಣ್ಣ, ರಸ್ತೆಯಿಂದ ಕಣ್ಣು ಕೀಳದೆ. "ಇನ್ನೊಂದೈದು ನಿಮಿಷ ನೋಡೋಣ."