ಸಾಲಪತ್ರದ ಹೆಂಗಸು

ಕಚೇರಿಯಲ್ಲಿ ಅವಳಿಗೆ ತೂತಮ್ಮ ಎಂದೇ ಹೆಸರು. ಸರ್ಕಾರ ಜನರಿಂದ ಸಾಲ ಎತ್ತುವಾಗ ಕೊಟ್ಟಿದ್ದ ಕಾಗದದ ಸಾಲಪತ್ರಗಳೆಲ್ಲ ಈಗ ಕಂಪ್ಯೂಟರಿನ ಹೊಟ್ಟೆ ಸೇರುತ್ತಿದ್ದವು. ಒಂದು ಕಾಲಕ್ಕೆ ಷೇರುಪೇಟೆಯ ಹಜಾರದಲ್ಲಿ ದಲ್ಲಾಳಿಗಳು ಗಂಟಲು ಹರಿಯುವಂತೆ ಕೂಗಿ ಮಾರುತ್ತಿದ್ದ ಸರಕು, ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯ ಮೇಲೆ ಸದ್ದಿಲ್ಲದೆ ಕೈ ಬದಲಾಯಿಸುತ್ತಿತ್ತು. ವಾಪಸು ಬಂದ ಹಳೇ ಕಾಗದಗಳಿಗೆ ಯಂತ್ರದಲ್ಲಿ ತೂತು ಹೊಡೆದು, ಚೂರು ಮಾಡಲು ಕಳಿಸುವುದು ಅವಳ ಕೆಲಸ.

ತೂತು ಬೀಳುತ್ತಿದ್ದದ್ದು ಅಧಿಕಾರಿಯ ಸಹಿಯ ಮೇಲೆ, ಮತ್ತು ಪಕ್ಕದಲ್ಲಿ ಅಚ್ಚಾಗಿದ್ದ ಹೆಂಗಸಿನ ಮುಖದ ಮೇಲೆ. ಆ ಮುಖ ಅವಳ ತಾಯಿಯದು. ಅಪ್ಪ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚು ಕೆತ್ತುತ್ತಿದ್ದವನು, ಹೆಂಡತಿಯನ್ನೇ ಕೆತ್ತಿದ್ದ. "ನನ್ನ ಕೈ ಇರೋವಾಗ ಫೋಟೋ ಯಾಕೆ?" ಎನ್ನುವ ಜಂಬದ ಮನುಷ್ಯ. ಮಗಳು ತೊಟ್ಟಿಲಲ್ಲಿರುವಾಗಲೇ ತಾಯಿ ತೀರಿಕೊಂಡಳು, ಮನೆಯಲ್ಲಿ ಒಂದು ಫೋಟೋ ಇರಲಿಲ್ಲ. ಜಂಬ ಅಪ್ಪನದು, ದಂಡ ಕಟ್ಟಿದವಳು ಮಗಳು.

ಮೊದಲು ಬಂದವು ಮೊದಲ ಸಾಲದ ದೊಡ್ಡ ಹಾಳೆಗಳು. ಅಂಚಿನಲ್ಲಿದ್ದ ಬಡ್ಡಿಯ ಚೀಟಿಗಳನ್ನು ಯಾರೋ ಕತ್ತರಿಸಿ ಕೊಟ್ಟು ಹಣ ಪಡೆದಿದ್ದರು. ಅವುಗಳಲ್ಲಿದ್ದ ಹುಡುಗಿಯ ಮೂಗು ತುಸು ಸೊಟ್ಟ. ಅಪ್ಪನ ಕೈ ಆಗಿನ್ನೂ ಪಳಗಿರಲಿಲ್ಲ ಎಂದುಕೊಂಡು ಅವಳು ಹೊಡೆದು ಮುಗಿಸಿದಳು.

ಆಮೇಲಿನ ಪತ್ರಗಳು ಚಿಕ್ಕವು, ಚೀಟಿಗಳಿಲ್ಲದವು. ಆದರೆ ಒಂದೊಂದು ಹೊಸ ಸಾಲಕ್ಕೂ ಆ ಹೆಂಗಸಿಗೆ ವಯಸ್ಸಾಗುತ್ತಿತ್ತು! ಗಲ್ಲ ತುಂಬಿತು, ಕಣ್ಣಿನ ಸುತ್ತ ಗೆರೆ ಮೂಡಿತು, ಕೊನೆಯ ಸಾಲದಲ್ಲಿ ಕಿವಿಯ ಮೇಲೆ ನರೆ. ಸತ್ತವಳು ಕಾಗದದಲ್ಲಿ ಬಾಳುವೆ ಮಾಡುತ್ತಿದ್ದಳು. ತೂತಮ್ಮ ಯಂತ್ರದ ಹಿಡಿ ಒತ್ತುವಾಗಲೆಲ್ಲ ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಂತೆ. ತಿರುಗಿದರೆ ಖಾಲಿ ಕುರ್ಚಿ. ಮನೆಯಲ್ಲಿ ಕನ್ನಡಿಯ ಮುಂದೆ ಹೋಗಲೂ ಭಯ. ಅಲ್ಲೂ ಆ ಮುಖವೇ ಇಣುಕುತ್ತಿತ್ತು.

ಕೊನೆಯ ಕಟ್ಟು ಬಂದ ದಿನ, ನಾಚಿಕೆ ಬಿಟ್ಟು ಮೇಲಧಿಕಾರಿಯನ್ನು ಕೇಳಿದಳು. "ಒಂದೇ ಒಂದು ಸಾರ್. ನಮ್ಮಮ್ಮನ ಮುಖ ನನ್ಹತ್ರ ಇನ್ನೆಲ್ಲೂ ಇಲ್ಲ."

"ಹಾಳೆ ಹೊರಗೆ ಹೋದ್ರೆ ನನ್ನ ಕೆಲಸಾನೂ ಹೊರಗೆ ಹೋಗುತ್ತೆ, ತಾಯಿ," ಎಂದು ಅವರು ತಲೆ ಕೆರೆದುಕೊಂಡರು. "ಒಂದು ಕೆಲಸ ಮಾಡು. ತೂತೆಲ್ಲ ಸಹಿ ಮೇಲೇ ಹೊಡಿ, ಮುಖ ಮಾತ್ರ ಕತ್ತರಿಸ್ಕೋ. ನಾನು ಕಿಟಕಿ ಕಡೆ ನೋಡ್ತಿರ್ತೀನಿ."

ಮನೆಗೆ ಬಂದವಳೇ, ಕತ್ತರಿಸಿ ತಂದ ಮುಖವನ್ನು ಅಪ್ಪನ ಕೈಗಿಟ್ಟಳು. ಮುದುಕ ಭೂತಗನ್ನಡಿ ಹಿಡಿದು ನೋಡಿದ.

"ಇದನ್ಯಾಕಮ್ಮಾ ತಂದಿದೀಯ? ಇದು ನೀನಲ್ವಾ?"

"ಅಮ್ಮ ಅಲ್ವೇನಪ್ಪಾ?"

ಅಪ್ಪ ಭೂತಗನ್ನಡಿ ಕೆಳಗಿಟ್ಟ. "ಅವಳು ಹೋದ್ಮೇಲೆ ನಂಗೆ ಅವಳ ಮುಖಾನೇ ಮರ್ತುಹೋಯ್ತು. ಯಾರ ಹತ್ರ ಹೇಳ್ಕೊಳ್ಳೋದು ಹೇಳು. ನೀನು ಬೆಳೀತಾ ಇದ್ದೆ. ನೀನು ಊಟಕ್ಕೆ ಕೂತಾಗ ನೋಡ್ಕೊಂಡು, ಒಂದಷ್ಟು ವಯಸ್ಸು ಸೇರಿಸಿ ಕೆತ್ತಿದೆ. ಮೊದಲನೇ ಸಾಲದ್ದು ಮಾತ್ರ ಅವಳು. ಎದುರಿಗೆ ಕೂರಿಸ್ಕೊಂಡು ಕೆತ್ತಿದ್ದು. ಥೇಟ್ ಅವಳೇ."

ಮೊದಲ ಸಾಲದ ಹಾಳೆ ಒಂದೂ ಉಳಿದಿರಲಿಲ್ಲ. ತಾಯಿಯನ್ನು ತನ್ನ ಕೈಯಾರೆ ಚೂರಾಗಲು ಕಳಿಸಿ, ಇಷ್ಟು ದಿನ ತನ್ನದೇ ಮುಖಕ್ಕೆ ಹೆದರಿಕೊಂಡಿದ್ದಳು.

"ಆ ಮೊದಲನೇ ಸಾಲದ ಹಾಳೆಗಳು ನಿಮ್ಮಲ್ಲಿಗೆ ಬಂದ್ರೆ ಒಂದು ಎತ್ತಿಡಮ್ಮಾ," ಎಂದ ಅಪ್ಪ. "ಸಾಯೋದ್ರೊಳಗೆ ಒಂದ್ಸಲ ಅವಳನ್ನ ನೋಡ್ಬೇಕು."

"ಬಂದ ತಕ್ಷಣ ತರ್ತೀನಪ್ಪಾ," ಎಂದಳು ಮಗಳು.