ಲಿಂಗಸುಗೂರಿನ ದುಂಡು ಮೇಜು

ಉಂಡವರು ಹೇಳಬೇಕಾದ ಊಟದ ಕಥೆಯನ್ನು ಆ ದಿನ ಅಲ್ಲಿ ಕೂತು ಉಣ್ಣದ ನಾನು ಹೇಳಹೊರಟಿದ್ದೇನೆ. ಇದು ಎರಡು ದೊಡ್ಡ ಮನೆಗಳ ಒಳಮಾತು. ಇದರಲ್ಲಿ ಬಾಯಿ ಹಾಕಲು ನಿನಗೇನು ಹಕ್ಕಿದೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಮೂವರ ಬಾಯಿಂದ ಕೇಳಿ, ಒಂದಕ್ಕೊಂದು ಹೊಂದಿದ್ದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ತಪ್ಪಿದ್ದರೆ ಆ ಮನೆಯವರು ಮನ್ನಿಸಲಿ.

ಮಸ್ಕಿಯ ಶೇಖರಮ್ಮ ತವರಿನ ನೀರು ಮುಟ್ಟದೆ ಆರು ವರ್ಷವಾಗಿತ್ತು. ಹೈದರಾಬಾದಿನ ಪೊಲೀಸ್ ಆಕ್ಷನ್ ಆದ ಮರುವರ್ಷ ಸಿಂಧನೂರಿನಲ್ಲಿ ಅವಳ ಅಪ್ಪ ಲಿಂಗೈಕ್ಯನಾದ. ಕಡೆಯ ಮೂರು ತಿಂಗಳು ಅವನ ಹಾಸಿಗೆ ಬದಿಗೆ ಕೂತು ಗಂಜಿ ಕುಡಿಸಿದವಳು ಅವಳೇ. ಆದರೆ ಶಿವಗಣಾರಾಧನೆಯ ದಿನ ಗಂಡಸರ ಪಂಕ್ತಿ ಎದ್ದ ಮೇಲೆ ಊರ ದೊಡ್ಡವರ ಮನೆಯ ಹೆಣ್ಣುಮಕ್ಕಳನ್ನು ಕೂರಿಸಿದರು. ಮನೆಮಗಳು ಎಲ್ಲಿ ಹೋಗುತ್ತಾಳೆ ಎಂದು ಅವಳನ್ನು ಕಟ್ಟಕಡೆಯ ಸಾಲಿಗೆ ಸರಿಸಿದರು. ಅವಳ ತಾಟಿಗೆ ಬಂದದ್ದು ಹಂಡೆಯ ತಳ ಕೆರೆದ, ಹೊತ್ತಿದ ಹುಗ್ಗಿ. ಶೇಖರಮ್ಮ ಅದನ್ನು ನೋಡಿದಳು, ಉಣ್ಣುವ ಸಾಲಿನ ನಡುವಿನಿಂದ ಎದ್ದುಬಿಟ್ಟಳು. ತಾಟಿನಲ್ಲಿ ಒಂದಗುಳು ಬಿಡದ ಮನೆತನದಲ್ಲಿ, ಉಣ್ಣುವವರ ನಡುವೆ ಒಬ್ಬರು ಎದ್ದರೆ ಆ ಸಾಲಿಗೆಲ್ಲ ಅವಮಾನ. ಅಣ್ಣ ಶಿವಶರಣಪ್ಪ ಅಂಗಳದಲ್ಲೇ ಕೂಗಾಡಿದ. ಅವಳು, "ನಿನ್ನ ಮನಿ ನೀರು ಮುಟ್ಟಿದ್ರ ನಾ ಅಪ್ಪನ ಮಗಳಲ್ಲ" ಎಂದಳು. ಅವನು, "ನಿನ್ನ ಮನಿ ಹೊಸ್ತಿಲಾ ನಾನೂ ತುಳಿಯಂಗಿಲ್ಲ, ಹೋಗು" ಎಂದ. ಎರಡೂ ಆಣೆಗಳು ಮನೆಯ ಗುರು ಕರಿಬಸಯ್ಯನವರ ಎದುರಿಗೇ ಆದವು.

ಈಗ ಶಿವಶರಣಪ್ಪನ ಮಗಳು ಅಂಬಮ್ಮನ ಮದುವೆ ಗೊತ್ತಾಗಿತ್ತು. ಸೋದರತ್ತೆ ಇಲ್ಲದೆ ಮದುವೆಗೆ ಕಳೆಯಿಲ್ಲ, ಇದು ಅಣ್ಣನಿಗೂ ಗೊತ್ತು, ತಂಗಿಗೂ ಗೊತ್ತು. ಹುಟ್ಟಿದ ಮರುದಿನ ಆ ಕೂಸಿನ ಬಾಯಿಗೆ ಜೇನು ಹಚ್ಚಿದವಳು ಶೇಖರಮ್ಮ. ಹೋಗಬೇಕೆಂಬ ಆಸೆ ಅವಳಿಗೆ ಬೇಕಾದಷ್ಟಿತ್ತು; ಆದರೆ ಸುಮ್ಮನೆ ಹೋಗಿ ಅಂಗಳದಲ್ಲಿ ನಿಲ್ಲುವ ಹೆಂಗಸು ಅವಳಲ್ಲ. ಒಮ್ಮೆ ಅಣ್ಣ ಎದುರಿಗೆ ಕೂತು ಸರಿಸಾಟಿಯಾಗಿ ಉಂಡರೆ ಹೋಗುವುದು, ಇಲ್ಲವಾದರೆ ಇಲ್ಲ ಎಂದು ತೀರ್ಮಾನಿಸಿದ್ದಳು.

ದಾರಿ ಹುಡುಕಿದವರು ಕರಿಬಸಯ್ಯನವರೇ.

"ತಾಯಿ, ಲಿಂಗಸುಗೂರಿನ್ಯಾಗ ಅಮರಗುಂಡಪ್ಪ ಹೊಸಾ ಹೋಟೆಲ್ ತೆಗದಾನ. ಅದು ನಿನ್ನ ಮನೀನೂ ಅಲ್ಲ, ನಿಮ್ಮಣ್ಣನ ಮನೀನೂ ಅಲ್ಲ. ಅಲ್ಲಿ ಉಂಡ್ರ ಯಾವ ಆಣಿ ಮುರೀತೈತಿ ಹೇಳು?"

"ಯಾರ ಮನೀನೂ ಅಲ್ದ ಜಾಗಾದಾಗ ಉಂಡ್ರ ಅದು ಊಟಾ ಹೆಂಗಾಗ್ತೈತ್ರೀ ಅಯ್ಯನವರ?"

"ಹಸಿವು ನಿಂದ ಐತಲ್ಲ, ಅಷ್ಟು ಸಾಕು."

ಅವಳ ಗಂಡ ಮೆತ್ತಗಿನ ಮನುಷ್ಯ. ಶೇಂಗಾ ಕೀಳುವ ಹೊತ್ತು ಎಂದು ಹೇಳಿ ಬೆಳಿಗ್ಗೆಯೇ ಹೊಲದ ದಾರಿ ಹಿಡಿದ. ಅಣ್ಣನನ್ನು ಅಯ್ಯನವರು ಮೊದಲೇ ಒಪ್ಪಿಸಿದ್ದರು. ಶೇಖರಮ್ಮ ಇಳಕಲ್ ಸೀರೆ ಉಟ್ಟು ಅಯ್ಯನವರ ಜೊತೆ ಬಸ್ಸಿಗೆ ನಿಂತಳು.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯ ಮೇಲೆಯೇ ಹಾಯಬೇಕು. ಹತ್ತಿ ನೋಡಿದರೆ ಮೂರನೆಯ ಸೀಟಿನಲ್ಲಿ ಜರಿ ರುಮಾಲು ಸುತ್ತಿದ ಶಿವಶರಣಪ್ಪ ಕಿಟಕಿಯಾಚೆಯ ಬೇವಿನ ಮರವನ್ನು ಬಹಳ ಆಸ್ಥೆಯಿಂದ ನೋಡುತ್ತಿದ್ದ. ಕಂಡಕ್ಟರ್ ಖಾಜಾಸಾಬ್ ಎರಡೂ ಮನೆಯವರನ್ನು ಬಲ್ಲವನು.

"ಬರ್ರಿ ಅಕ್ಕಾರ, ಅಣ್ಣಾರ ಬಾಜೂಕ ಜಾಗಾ ಖಾಲಿ ಐತಿ."

"ನಾ ನಿಂತ ಬರತೀನಿ."

"ಲಿಂಗಸುಗೂರ ತನಕಾ ನಿಂದ್ರತೀರಾ?"

"ಆರು ವರ್ಷ ನಿಂತೀನಿ, ಇದ್ಯಾವ ದೊಡ್ಡದಪಾ."

ಬಸ್ಸಿಗೆ ಬಸ್ಸೇ ನಕ್ಕಿತು. ಶಿವಶರಣಪ್ಪ ನಗಲಿಲ್ಲ, ಅಯ್ಯನವರಿಗೆ ಜಾಗ ಬಿಟ್ಟು ತಾನೂ ಎದ್ದು ನಿಂತ. ಹೀಗೆ ಅಣ್ಣ ತಂಗಿ ಇಬ್ಬರೂ ಒಂದೇ ಕಂಬಿ ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ, ಲಿಂಗಸುಗೂರು ಮುಟ್ಟಿದರು.

ಅಮರಗುಂಡಪ್ಪ ಹೈದರಾಬಾದಿನ ದೊಡ್ಡ ಹೋಟೆಲೊಂದರಲ್ಲಿ ಹನ್ನೆರಡು ವರ್ಷ ದುಡಿದು ಬಂದವನು. ನೆಲಕ್ಕೆ ಕಪ್ಪು ಬಿಳಿ ಫರಸಿ, ಬೆನ್ನು ಬಾಗಿದ ಕರಿ ಕುರ್ಚಿಗಳು, ಗೋಡೆಯುದ್ದದ ಕನ್ನಡಿ, ಮತ್ತು ನಟ್ಟನಡುವೆ ಬಿಳಿ ಕಲ್ಲಿನ ಒಂದು ದುಂಡು ಮೇಜು. ಹಟ್ಟಿ ಗಣಿಯ ಸಾಹೇಬರು ರವಿವಾರ ಆ ಮೇಜಿಗೇ ಕೂರುತ್ತಿದ್ದರು. ಕಾಲುವೆ ಕೆಲಸದ ಓವರ್‌ಸೀಯರುಗಳು ಅದು ಖಾಲಿಯಾಗುವುದನ್ನೇ ಕಾಯುತ್ತಿದ್ದರು. ಬೆಳಗಿನ ಹತ್ತು ಗಂಟೆಯ ನ್ಯಾರಿಗೆ ಪೂರಿ, ಬಟಾಟೆ ಪಲ್ಯ, ಸಜ್ಜಿಗೆ, ಕಪ್ಪು-ಸಾಸರಿನಲ್ಲಿ ಚಹಾ. ಸಂಜೆಗೆ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ.

ಶೇಖರಮ್ಮ ಒಳಗೆ ಕಾಲಿಟ್ಟದ್ದೇ ಬಡಿಸುವ ಆದಪ್ಪ ಓಡಿ ಬಂದ. "ಈ ಕಡಿಗೆ ಬರ್ರೀ ತಾಯಿ. ಹೆಣ್ಮಕ್ಕಳಿಗೆ ಬ್ಯಾರೆ ಖೋಲಿ ಐತಿ" ಎಂದು ಹಸಿರು ಪರದೆ ಸರಿಸಿದ. ಒಳಗೊಂದು ಸಣ್ಣ ಮೇಜು, ಎರಡು ಕುರ್ಚಿ, ಅಡಿಗೆಮನೆಯ ಹೊಗೆ. ಅವಳು ಕೂತಳು. ಪರದೆಯಾಚೆ ದುಂಡು ಮೇಜಿನ ಕುರ್ಚಿ ಎಳೆದ ಸದ್ದು, ಅಣ್ಣನ ಕೆಮ್ಮು, ಅಮರಗುಂಡಪ್ಪನ "ಬಿಸಿ ಪೂರಿ ಮೊದಲು ಹೊರಗ ಕೊಡಲೇ, ಆಮ್ಯಾಲ ಒಳಗ" ಎಂಬ ಮಾತು ಕೇಳಿತು.

ಆಮೇಲೆ ಒಳಗೆ! ಆದಪ್ಪ ತಾಟು ತಂದಾಗ ಅವಳು ಕೈಯಡ್ಡ ಹಿಡಿದಳು.

"ಬಡಸಬ್ಯಾಡಪಾ. ಬಡಸಿದ ಮ್ಯಾಲ ಬಿಟ್ಟು ಏಳಾಕ ಬರಂಗಿಲ್ಲ. ಒಮ್ಮೆ ಎದ್ದೀನಿ, ಸಾಕು."

ಪರದೆ ಸರಿಸಿ ಹೊರಬಂದು ದುಂಡು ಮೇಜಿನ ಬದಿಗೆ ನಿಂತಳು. "ಅಯ್ಯನವರ, ಕಡೀ ಪಂಕ್ತಿಗೆ ಪರದಿ ಕಟ್ಟಿದ್ರ ಅದೇನು ಮೊದಲ್ನೇದು ಆಗ್ತೈತೇನ್ರಿ? ನಾ ಇಲ್ಲೇ ಊರಾಗ ನಿಮ್ಮ ಅಳಿಯನ ಮನ್ಯಾಗ ಇರತೀನಿ" ಎಂದು ನಡೆದೇಬಿಟ್ಟಳು. ಶಿವಶರಣಪ್ಪನ ತಾಟಿಗೆ ಆಗಲೇ ನಾಲ್ಕು ಪೂರಿ ಬಿದ್ದಿದ್ದವು. ತಂಗಿಯ ಹಿಂದೆ ಓಡುವಂತಿಲ್ಲ, ಪೂರಿ ಬಿಡುವಂತಿಲ್ಲ. ಬಾಗಿಲ ಕಡೆ ನೋಡುತ್ತ ನಾಲ್ಕನ್ನೂ ನುಂಗಿದನಂತೆ.

ಮಧ್ಯಾಹ್ನ ಕರಿಬಸಯ್ಯನವರು ಅಳಿಯನ ಮನೆಗೂ ಹೋಟೆಲಿಗೂ ಮೂರು ಸಲ ಓಡಾಡಿದರು. ಶೇಖರಮ್ಮನ ಮಾತು ಒಂದೇ: ಸಂಜೆ ಬರುತ್ತೇನೆ, ಆದರೆ ದುಂಡು ಮೇಜಿಗೆ ಕೂರುತ್ತೇನೆ.

ಅಮರಗುಂಡಪ್ಪ ತಲೆ ಕೆರೆದುಕೊಂಡ. "ಹೆಣ್ಮಗಳು ನಡು ಹೋಟೆಲಿನ್ಯಾಗ ಕುಂತ್ರ ಗಿರಾಕಿ ಓಡ್ತಾರ್ರೀ ಅಯ್ಯನವರ."

"ಓಡಂಗಿಲ್ಲೋ ಹುಚ್ಚಪ್ಪಾ. ನೋಡಾಕ ಬರತಾರ. ಬಂದವರು ಚಹಾ ಕುಡೀಲಾರದ ಹೋಗತಾರೇನು?"

ಹೋಟೆಲಿನವನಿಗೆ ಈ ಲೆಕ್ಕ ತಕ್ಷಣ ತಿಳಿಯಿತು.

ದೀಪ ಹಚ್ಚುವ ಹೊತ್ತಿಗೆ ಶೇಖರಮ್ಮ ಬಂದಳು. ಗ್ಯಾಸ್‌ಲೈಟಿನ ಕೆಳಗೆ ಹದಿನೈದು ಇಪ್ಪತ್ತು ಗಂಡಸರು ಉಣ್ಣುತ್ತಿದ್ದರು. ಅವಳು ನೇರ ನಡೆದು ಕುರ್ಚಿ ಎಳೆದು ಕೂತಾಗ ರೊಟ್ಟಿ ಮುರಿಯುವ ಸದ್ದೂ ನಿಂತಿತು. ಮೂಲೆಯಲ್ಲಿದ್ದ ದಲಾಲಿ ದುರುಗಪ್ಪ ಗಂಟಲು ಸರಿಮಾಡಿಕೊಂಡ.

"ಕಾಲ ಕೆಟ್ಟತ್ರೆಪಾ. ಹೆಣ್ಮಕ್ಕಳು ಗಂಡಸರ ನಡುವ ಬಂದು ಕುಂಡ್ರಾಕತ್ಯಾರ."

"ದುರುಗಪ್ಪಣ್ಣಾ, ಮನ್ಯಾಗ ನಿಮಗ ಬಡಸಾಕ ಹೆಣ್ಮಗಳು ನಡುವ ಬಂದ್ರ ಕಾಲ ಚಲೋ ಇರತೈತಿ, ಉಣ್ಣಾಕ ಬಂದ್ರ ಕೆಡತೈತೇನು?"

ಓವರ್‌ಸೀಯರೊಬ್ಬ ಬಾಯಿಗೆ ಕೈ ಹಿಡಿದು ನಕ್ಕ. ದುರುಗಪ್ಪ ಎಣ್ಣೆಗಾಯಿಯ ಮೇಲೆ ಗಮನವಿಟ್ಟ.

ಶಿವಶರಣಪ್ಪ ಬಂದು ಅವಳೆದುರಿಗೆ ಕೂತ, ಅಯ್ಯನವರು ಪಕ್ಕಕ್ಕೆ. ದುಂಡು ಮೇಜಿಗೆ ಮೊದಲ ಜಾಗವೂ ಇಲ್ಲ, ಕಡೆಯದೂ ಇಲ್ಲ. ಶೇಖರಮ್ಮನಿಗೆ ಎಲ್ಲವೂ ಹೊಸದು. ನೆಲದ ಮೇಲೆ ಕೂತು ಬಾಗಿ ಉಂಡವಳಿಗೆ ಇಲ್ಲಿ ತಾಟೇ ಎದೆಯ ಮಟ್ಟಕ್ಕೆ ಎದ್ದು ಬಂದಿತ್ತು. ಎದುರಿನ ಕನ್ನಡಿಯಲ್ಲಿ ತಾನು ಉಣ್ಣುವುದನ್ನು ಮೊದಲ ಸಲ ನೋಡಿದಳು. ತನ್ನ ತುತ್ತು ಇಷ್ಟು ದೊಡ್ಡದೆಂದು ತಿಳಿದಿರಲಿಲ್ಲ. ಸಣ್ಣದು ಮಾಡಲಿಲ್ಲ.

ರೊಟ್ಟಿ ಹಾಳೆಯಂತೆ ತೆಳ್ಳಗಿತ್ತು, ಎಣ್ಣೆಗಾಯಿ ಬಾಯಲ್ಲಿ ಕರಗಿತು. ತೊಂದರೆ ಶುರುವಾದದ್ದು ಹೋಳಿಗೆಯಿಂದ. ಹೈದರಾಬಾದಿನ ರೀತಿ ಎಂದು ಅಮರಗುಂಡಪ್ಪ ಆದಪ್ಪನಿಗೆ ಒಂದು ಪಾಠ ಹೇಳಿಕೊಟ್ಟಿದ್ದ: ದೊಡ್ಡ ಮಂದಿಯನ್ನು ಬೇಕೋ ಬೇಡವೋ ಎಂದು ಕೇಳಬಾರದು, ತಾಟಿನಲ್ಲಿ ಒಂದಿಷ್ಟು ಬಿಟ್ಟಿದ್ದರೆ ಸಾಕಾಯಿತೆಂದು ತಿಳಿ, ಖಾಲಿ ಇದ್ದರೆ ಇನ್ನೂ ಬೇಕೆಂದು ಬಡಿಸು. ಈ ಅಣ್ಣ ತಂಗಿ ಒಂದು ಚೂರೂ ಬಿಡುವವರಲ್ಲ. ಉಂಡ ಮೇಲೆ ತಾಟಿಗೆ ನೀರು ಹಾಕಿ ತೊಳೆದು ಅದನ್ನೂ ಕುಡಿಯುವ ಮನೆತನ. ಅವರ ಕೈ ನೀರಿನ ಗ್ಲಾಸಿಗೆ ಹೋಗುವ ಮೊದಲೇ ಆದಪ್ಪನ ಹೋಳಿಗೆ ತಾಟಿಗೆ ಬೀಳುತ್ತಿತ್ತು, ಮೇಲೆ ತುಪ್ಪ.

ಸಾಕು ಎಂದರೆ ಮುಗಿಯುತ್ತಿತ್ತು. ಆದರೆ ಶೇಖರಮ್ಮ ಈ ಸಲ ತಾನು ಮೊದಲು ಏಳುವುದಿಲ್ಲ, ಮೊದಲು ಸಾಕೆನ್ನುವುದೂ ಇಲ್ಲ ಎಂದು ಮನಸ್ಸು ಕಟ್ಟಿ ಬಂದಿದ್ದಳು. ಶಿವಶರಣಪ್ಪನೂ ಬಾಯಿ ಬಿಡಲಿಲ್ಲ. ಮೂರಾಯಿತು, ನಾಲ್ಕಾಯಿತು, ಐದಾಯಿತು. ಅಯ್ಯನವರು ಎರಡಕ್ಕೇ ಕೈಯಡ್ಡ ಹಿಡಿದಿದ್ದರೂ ಇವರು ಮುಗಿಸದೆ ಏಳುವಂತಿರಲಿಲ್ಲ. ಇಬ್ಬರ ಮುಖವನ್ನೂ ನೋಡುತ್ತ ಕೂತಿದ್ದರು. ಸುತ್ತಲಿನವರು ತಮ್ಮ ಊಟ ಮರೆತು ಎಣಿಸತೊಡಗಿದರು.

"ಅಕ್ಕಾರು ಗೆಲ್ತಾರ" ಎಂದು ಒಬ್ಬ ಪಿಸುಗುಟ್ಟಿದ.

"ಶಿವಶರಣಪ್ಪ ಸಾವಕಾರ ಹೊಟ್ಟಿ ನೀ ನೋಡಿಲ್ಲ ಬಿಡು."

ಆರನೆಯದಕ್ಕೆ ಶೇಖರಮ್ಮ ಗೆಲುವಿನಿಂದ ತಲೆ ಎತ್ತಿದಳು. ಅಣ್ಣನ ಮುಖ ಕಲ್ಲಿನಂತಿತ್ತು. ಆದರೆ ಅವನ ಬೆನ್ನಿಗೆ ಕನ್ನಡಿಯಿತ್ತು. ಕನ್ನಡಿಯಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿ ಒದ್ದೆಯಾಗಿತ್ತು; ಎಡಗೈ ಹಿಂದೆ ಹೋಗಿ ಸೊಂಟವನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು. ಅವನಿಗೆ ಬೆನ್ನಿಗೆ ಹಾಯುವ ಹೊಟ್ಟೆಶೂಲೆ. ಅಪ್ಪನಿಗೂ ಇತ್ತು, ಅಪ್ಪನೂ ಹಾಗೆಯೇ ಹಿಡಿಯುತ್ತಿದ್ದ.

ಇಷ್ಟು ನೋವಿನಲ್ಲಿ ಹಟ ಯಾಕೆ ಎಂದು ಯೋಚಿಸಿದವಳಿಗೆ ಥಟ್ಟನೆ ಹೊಳೆಯಿತು. ಇದು ಹಟವಲ್ಲ. ಬಂದ ನೆಂಟರು ಉಂಡು ಮುಗಿಸುವವರೆಗೆ ಮನೆಯ ಯಜಮಾನ ಕೈ ತೊಳೆಯಬಾರದೆಂಬುದು ಅಪ್ಪನ ಕಟ್ಟಳೆ. ಕುರ್ಚಿ ಪರರದು, ತಾಟು ಪರರದು, ಗ್ಯಾಸ್‌ಲೈಟು ಪರರದು; ಆದರೂ ಅಣ್ಣ ಇಲ್ಲಿ ಯಜಮಾನನಾಗಿ ಕೂತಿದ್ದ. ಅವನ ಪಾಲಿಗೆ ತಂಗಿ ತವರಿಗೆ ಬಂದು ಉಣ್ಣುತ್ತಿದ್ದಳು.

ಆದಪ್ಪ ಏಳನೆಯ ಹೋಳಿಗೆ ಹಿಡಿದು ಬಗ್ಗಿದ. ಶೇಖರಮ್ಮ ಕೈ ಚಾಚಿ, ತನ್ನ ತಾಟಿಗಲ್ಲ, ಅಣ್ಣನ ತಾಟಿಗೆ ಅಡ್ಡ ಹಿಡಿದಳು.

"ಸಾಕೋ ಆದಪ್ಪಾ. ನಮ್ಮಣ್ಣಗ ತುಪ್ಪ ಒಗ್ಗಂಗಿಲ್ಲ."

ಬಿಸಿ ತುಪ್ಪ ಅವಳ ಬೆರಳ ಮೇಲೆ ಬಿತ್ತು. ಕೈ ತೆಗೆಯಲಿಲ್ಲ.

ಶಿವಶರಣಪ್ಪ ಉಸಿರು ಬಿಟ್ಟ. "ಮೂರಕ್ಕ ಹೇಳಿದ್ರ ಆಗ್ತಿದ್ದಿಲ್ಲೇನಬೇ ಶೇಖ್ರಿ? ಜೀವಾ ಹೊಂಟಿತ್ತು."

"ನಿನಗ ಬಾಯಿ ಇದ್ದಿಲ್ಲೇನು ಯಣ್ಣಾ?"

"ನೀ ಉಣ್ಣಾಕತ್ತಿದ್ದಿ. ನಾ ಹೆಂಗ ಸಾಕನ್ನಲಿ?"

ಕರಿಬಸಯ್ಯನವರು, "ನನ್ನ ಕಾಲು ಜೋಮು ಹಿಡದಾವ. ಮಾತು ಆಮ್ಯಾಲ ಆಡ್ರಿ, ಮೊದಲು ಕೈ ತೊಳೀರಿ" ಎಂದರು. ಇಬ್ಬರೂ ತಾಟಿಗೆ ನೀರು ಹಾಕಿ, ತೊಳೆದು, ಕುಡಿದು, ಒಟ್ಟಿಗೇ ಎದ್ದರು. ಆದಪ್ಪನಿಗೆ ಆ ದಿನದಿಂದ ಹೈದರಾಬಾದಿನ ಪಾಠ ಬಿಟ್ಟುಹೋಯಿತು. ಬಾಯಿ ಬಿಟ್ಟು ಕೇಳಿಯೇ ಬಡಿಸತೊಡಗಿದ.

ಬಾಗಿಲಲ್ಲಿ ಶಿವಶರಣಪ್ಪ ರುಮಾಲು ಸರಿಮಾಡಿಕೊಳ್ಳುತ್ತ ಕೇಳಿದ. "ಮತ್ತ, ಮದುವಿಗೆ?"

"ಎಂಟು ದಿನಾ ಮೊದಲ ಬರತೀನಿ. ಪಂಕ್ತಿ ಕುಂಡ್ರಸೋ ಕೆಲಸಾ ನಂದು. ಅದರಾಗ ನೀ ಕೈ ಹಾಕಂಗಿಲ್ಲ."

"ಹಾಕಂಗಿಲ್ಲವಾ ತಾಯಿ."

ಹೇಳಿದಂತೆ ಎಂಟು ದಿನ ಮೊದಲೇ ಹೋದಳು. ಅಂಬಮ್ಮನ ಮದುವೆಯಲ್ಲಿ ಗಂಡಸರ ಸಾಲು, ಹೆಂಗಸರ ಸಾಲು ಅಂಗಳದ ಎರಡು ಬದಿಗೆ ಒಂದೇ ಹೊತ್ತಿಗೆ ಕೂತವು. ಹುಗ್ಗಿಯ ಹಂಡೆ ನಡುವೆ ಇತ್ತು. ದೊಡ್ಡವರೊಬ್ಬರು ಮುಖ ಗಂಟಿಕ್ಕಿದರಂತೆ, ಆದರೆ ಉಣ್ಣದೆ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳದ ತುಂಬ ಓಡಾಡುತ್ತಿದ್ದ ಶೇಖರಮ್ಮನನ್ನು ಎಲ್ಲರೂ ನೋಡಿದ್ದಾರೆ.

ಆ ಎಂಟು ದಿನ ಅವಳು ಅಣ್ಣನ ಮನೆಯ ನೀರು ಕುಡಿದಳೋ, ಇಲ್ಲ ಆಣೆಗಾಗಿ ಪಕ್ಕದ ಮನೆಯಿಂದ ತಂಬಿಗೆ ತರಿಸಿಕೊಂಡಳೋ, ಅದು ನನಗೆ ಗೊತ್ತಿಲ್ಲ. ನನಗೆ ಈ ಕಥೆ ಹೇಳಿದ ಮೂವರನ್ನೂ ಕೇಳಿದೆ. ಯಾರೂ ನೋಡಿಲ್ಲ.